ಬಂಡಾಜೆ ಅರ್ಬಿ: ಅಪ್ಪನನ್ನು ಮೇಲಿನಿಂದ ಕರೆದುಕೊಂಡು ಹೋಗಲೋ, ಕೆಳಗಿನಿಂದಲೋ?

ಮುಂಡಾಜೆ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದೋಕೆ ಶುರು ಮಾಡಿ ಎರಡು ವರ್ಷ ಆಯ್ತು, ಬರೀತಿರೋದು ಮೊದಲ ಸಲ.

ನಮ್ಮಪ್ಪನಿಗೆ ಈಗ ಅರವತ್ತೊಂದು. ಹುಟ್ಟಿ ಬೆಳೆದದ್ದು ಬೆಳ್ತಂಗಡಿ ತಾಲೂಕಿನ ಮುಂಡಾಜೆ ಹತ್ತಿರ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದವರು ಇಲ್ಲೇ ಉಳಿದರು. ಮಳೆಗಾಲ ಮುಗಿದು ಮೋಡ ಸರಿದ ದಿನ ಅಜ್ಜನ ಮನೆ ಅಂಗಳದಲ್ಲಿ ನಿಂತರೆ ಪೂರ್ವದ ಗುಡ್ಡದ ಮೈಮೇಲೆ ಸೀಮೆಸುಣ್ಣದಲ್ಲಿ ಎಳೆದ ಹಾಗೆ ಒಂದು ಬಿಳಿ ಗೆರೆ ಕಾಣುತ್ತೆ. ಅದೇ ಬಂಡಾಜೆ ಅರ್ಬಿ, ಗುಡ್ಡದಿಂದ ಬೀಳೋ ಜಲಪಾತ. ಅಜ್ಜಿ ಆ ಗೆರೆ ನೋಡಿ ಕಾಲ ಹೇಳ್ತಿದ್ದರಂತೆ. ಗೆರೆ ದಪ್ಪ ಇದ್ದರೆ ಇನ್ನೂ ಮಳೆ ಉಂಟು, ಸಪೂರ ಆಯ್ತು ಅಂದರೆ ಅಡಿಕೆ ಅಂಗಳಕ್ಕೆ ಹಾಕಬಹುದು, ಕಾಣಿಸಲೇ ಇಲ್ಲ ಅಂದರೆ ಬಾವಿಯ ಹಗ್ಗ ಉದ್ದ ಮಾಡಬೇಕು.

ಅಪ್ಪ ಇಪ್ಪತ್ತು ವರ್ಷ ದಿನಾ ನೋಡಿದ್ದಾರೆ, ಒಂದು ಸಲವೂ ಹತ್ತಿರ ಹೋಗಿಲ್ಲ. ಕಳೆದ ವರ್ಷ ನಿವೃತ್ತಿ ಆದಮೇಲೆ "ಒಮ್ಮೆ ಅಲ್ಲಿಗೆ ಹೋಗ್ಬೇಕು" ಅಂತ ಎರಡು ಮೂರು ಸಲ ಅಂದರು. ನಮ್ಮಪ್ಪ ಏನನ್ನೂ ಮೂರು ಸಲ ಕೇಳೋ ಮನುಷ್ಯ ಅಲ್ಲ.

ದಿನಾ ಬೆಳಿಗ್ಗೆ ನಾಲ್ಕೈದು ಕಿ.ಮೀ. ನಡೀತಾರೆ. ಸಕ್ಕರೆ ಇಲ್ಲ, ಬಿಪಿಗೆ ಒಂದು ಮಾತ್ರೆ. ಎಡ ಮಂಡಿ ಇಳಿಯುವಾಗ ಸ್ವಲ್ಪ ತಕರಾರು ಮಾಡುತ್ತೆ. ನವೆಂಬರ್‌ನಲ್ಲಿ ಹೋಗೋಣ ಅಂತ. ಯಾವ ಕಡೆಯಿಂದ ಹತ್ತಿಸಲಿ?

ಸುಂಕಸಾಲೆ ಕಾಫಿ

ಮೇಲಿನ ಕಡೆಯವನು ನಾನು, ಹಾಗಾಗಿ ಪಕ್ಷಪಾತ ಇದೆ ಅಂತ ಮೊದಲೇ ಹೇಳಿಬಿಡ್ತೀನಿ.

ಕೊಟ್ಟಿಗೆಹಾರದಿಂದ ಕಳಸದ ರಸ್ತೆ ಹಿಡಿದು ಸುಂಕಸಾಲೆಗೆ ಬನ್ನಿ. ಅಲ್ಲಿಂದ ಬಲ್ಲಾಳರಾಯನ ದುರ್ಗದ ಬುಡಕ್ಕೆ ಕಾಫಿ ತೋಟದ ನಡುವೆ ದಾರಿ. ನಡಿಗೆ ಶುರುವಾಗೋದು ಅಲ್ಲಿ. ಮೊದಲು ಸ್ವಲ್ಪ ಕಾಡು, ಆಮೇಲೆ ಬೋಳುಗುಡ್ಡ ಏರಿ ಕೋಟೆ. ಒಂದನೇ ವೀರಬಲ್ಲಾಳನ ರಾಣಿ ಕಟ್ಟಿಸಿದ್ದು ಅನ್ನೋ ಪ್ರತೀತಿ, ಈಗ ಉಳಿದಿರೋದು ಮುರಿದ ಗೋಡೆ ಮಾತ್ರ. ಎತ್ತರ ಸುಮಾರು 1,500 ಮೀಟರ್. ಕೋಟೆ ದಾಟಿ ಹುಲ್ಲಿನ ದಿಣ್ಣೆಗಳ ಮೇಲೆ ಇಳಿದು ಹತ್ತಿ ಹೋದರೆ ಒಂದು ಹಳ್ಳ ಸಿಗುತ್ತೆ. ಆ ಹಳ್ಳದ ಜೊತೆ ನಡೆದರೆ ಅದು ನೆಲ ಬಿಟ್ಟು ಹಾರೋ ಜಾಗಕ್ಕೆ ಬರ್ತೀರಿ. ಹೋಗಿ ಬರೋದು ಸೇರಿ ನನ್ನ ಫೋನು ತೋರಿಸಿದ್ದು 15 ಕಿ.ಮೀ.

ಒಂದು ಮಾತು ಗಮನದಲ್ಲಿಡಿ. ಕೋಟೆ ಎತ್ತರದಲ್ಲಿದೆ, ಅರ್ಬಿ ತಗ್ಗಿನಲ್ಲಿದೆ. ಎಲ್ಲಾ ಗುಡ್ಡಗಳಲ್ಲೂ ಹೋಗುವಾಗ ಏರು, ಬರುವಾಗ ಇಳಿಜಾರು. ಇಲ್ಲಿ ಮನೆಗೆ ಬರುವಾಗಲೇ ಏರಬೇಕು, ಅದೂ ಮಧ್ಯಾಹ್ನದ ಬಿಸಿಲಲ್ಲಿ, ನೆರಳೇ ಇಲ್ಲದ ಹುಲ್ಲಿನ ಮೇಲೆ. ನೀರಿನ ಹತ್ತಿರ ಕೂತು "ಮುಗೀತು" ಅಂದುಕೊಂಡವರೇ ಸಂಜೆ ಅಳೋದು.

ಉಜಿರೆ ಮಾಸ್ತರ್

ನಮ್ಮ ಊರಿನವರು ಒಬ್ಬರು ಸಿಕ್ಕಿದ್ರಲ್ಲ, ಖುಷಿ ಆಯ್ತು ಮಾರಾಯ್ರೆ.

ಕೆಳಗಿನ ದಾರಿ ನಾನು ಕಾಲೇಜಿಗೆ ಹೋಗುವಾಗಿನಿಂದ ಬಲ್ಲೆ. ವಳಂಬ್ರದಿಂದ ಹತ್ತುವುದು. ಒಳ್ಳೆ ದಟ್ಟ ಕಾಡು ಉಂಟು, ಬಿಸಿಲೇ ಬೀಳದ ಜಾಗ. ಕಾಡು ಮುಗಿದ ಮೇಲೆ ಆಳೆತ್ತರದ ಹುಲ್ಲು, ಏಣಿ ಇಟ್ಟ ಹಾಗೆ ಏರು. ಅರವತ್ತೊಂದರ ಮಂಡಿಗೆ ಬೇಡವೇ ಬೇಡ. ಹತ್ತಿಯಾದರೂ ಹತ್ತಬಹುದು, ಇಳಿಯುವಾಗ ಅವರನ್ನು ಹೊತ್ತುಕೊಂಡು ಬರಬೇಕಾದೀತು. ಮತ್ತೆ ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು, ಅನುಮತಿ ಮತ್ತು ದಾರಿ ಗೊತ್ತಿದ್ದವರು ಇಲ್ಲದೆ ಕಾಲಿಡ್ಲಿಕ್ಕೆ ಇಲ್ಲ. ಹುಲ್ಲಿನಲ್ಲಿ ಕಾಟಿ (ಕಾಡುಕೋಣ) ನಡೆದ ದಾರಿಯೂ ಮನುಷ್ಯರ ದಾರಿಯೂ ಒಂದೇ ತರ ಕಾಣುತ್ತದೆ. ಕಾಟಿಯ ಹಿಂದೆ ಹೋಗಿ ಇಡೀ ಮಧ್ಯಾಹ್ನ ಕಳೆದವ ನಾನೇ.

ಇನ್ನೊಂದು, ಇದು ಮೇಷ್ಟ್ರ ಚಾಳಿ, ಕ್ಷಮಿಸಿ. ತುಳುವಿನಲ್ಲಿ ಅರ್ಬಿ ಅಂದರೇ ಜಲಪಾತ. "ಅರ್ಬಿ ಫಾಲ್ಸ್" ಅಂತ ಬರೆಯುವವರು "ಗೇಟಿನ ಬಾಗಿಲು" ಅಂತ ಹೇಳಿದ ಹಾಗೆ ಆಗುತ್ತದೆ.

ಧಾರವಾಡ ಪೇಢಾ

ಸರ, ಸಿಟ್ಟಾಗಬ್ಯಾಡ್ರಿ. ನೆಟ್ಟಿನಾಗ ನೋಡಿದೆ, ಇದರ ಎತ್ತರ 200 ಅಡಿ ಅಂತ. ಜೋಗ 253 ಮೀಟರ್ ಐತಿ, ಕಾರಿನಿಂದ ಇಳದು ಹತ್ತು ಹೆಜ್ಜಿ ನಡದ್ರ ಕಾಣಸ್ತದ. ಹದಿನೈದು ಕಿಲೋಮೀಟರ್ ನಡದು ಇನ್ನೂರ ಅಡಿ ನೋಡೂದಂದ್ರ ಲೆಕ್ಕ ಹೆಂಗ ಕೂಡ್ತದ್ರಿ?

ಸುಂಕಸಾಲೆ ಕಾಫಿ

ಪೇಢಾ ಅವರೇ, ಇನ್ನೂ ಕೆಟ್ಟ ಸುದ್ದಿ ಇದೆ. ಮೇಲಿಂದ ಹೋದರೆ ಆ ಇನ್ನೂರಡಿಯೂ ಕಾಣಲ್ಲ. ನೀವು ನಿಲ್ಲೋದು ನೀರು ಬೀಳೋ ನೆತ್ತಿ ಮೇಲೆ. ನಿಮ್ಮ ಕಾಲ ಪಕ್ಕ ಹರಿದು ಬಂದ ನೀರು ಅಂಚಿಗೆ ಹೋಗಿ ಮಾಯ ಆಗುತ್ತೆ. ಆಮೇಲೆ ಶಬ್ದ ಮಾತ್ರ.

ಧಾರವಾಡ ಪೇಢಾ

ಅಯ್ಯೋ ಶಿವನೇ. ಅಂದ್ರ ಮಾವಿನಹಣ್ಣು ತಿನ್ನಾಕ ಹೋಗಿ ತೊಟ್ಟು ನೋಡಿ ಬಂದಂಗ.

ಅಘನಾಶಿನಿ

ಇದು ಮುಖ್ಯವಾದ ವಿಷಯ, ನಗೆಯಲ್ಲಿ ತೇಲಿಸಬೇಡಿ. ತುಂಬಾ ಜನ ಅಂತರ್ಜಾಲದ ಫೋಟೋ ನೋಡಿ ಬಂದು ನೆತ್ತಿಯಲ್ಲಿ ನಿಂತು, "ಎಲ್ಲಿ, ಕಾಣೋದೇ ಇಲ್ವಲ್ಲ" ಅಂತ ಇನ್ನೂ ಮುಂದೆ, ಇನ್ನೂ ಮುಂದೆ ಹೋಗ್ತಾರೆ. ಅಪಾಯ ಶುರುವಾಗೋದು ಅಲ್ಲೇ.

ನಿಮ್ಮ ತಂದೆಗೆ ಜಲಪಾತ ಕಣ್ತುಂಬ ನೋಡೋ ಆಸೆ ಇದ್ದರೆ ನಮ್ಮ ಕಡೆ ಉಂಚಳ್ಳಿಗೆ ಕರೆದುಕೊಂಡು ಬನ್ನಿ. ಅಘನಾಶಿನಿ 116 ಮೀಟರ್ ಧುಮುಕುತ್ತೆ. ಎದುರಿನ ಗುಡ್ಡದಿಂದ ಮೆಟ್ಟಿಲಿಳಿದು ಮುಖಾಮುಖಿ ನೋಡಬಹುದು. ಕಲೆಕ್ಟರ್ ಲಷಿಂಗ್ಟನ್ 1845ರಲ್ಲಿ "ಕಂಡುಹಿಡಿದ" ಅಂತ ಅವನ ಹೆಸರೂ ಇಟ್ಟಿದ್ದಾರೆ. ಅವನು ಕಣ್ಣುಬಿಡೋ ಮೊದಲೇ ಊರವರು ಕೆಪ್ಪಜೋಗ ಅಂತ ಕರೀತಿದ್ದರು. ಅದರ ಎದುರು ಐದು ನಿಮಿಷ ನಿಂತರೆ ಕಿವಿ ಕೆಪ್ಪಾಗುತ್ತೆ, ಅದಕ್ಕೆ.

ಮುಂಡಾಜೆ ಮೊಮ್ಮಗ

ಅಪ್ಪನಿಗೆ ಉಂಚಳ್ಳಿ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಚೆನ್ನಾಗಿ ನೋಡಿದರು. "ಒಳ್ಳೇದುಂಟು. ಆದ್ರೆ ಅದು ಬೇರೆಯವರ ಅರ್ಬಿ" ಅಂದರು.

ಹಾಗಾಗಿ ಬಂಡಾಜೆಯೇ. ಮೇಲಿನ ದಾರಿ ಅಂತಾನೂ ತೀರ್ಮಾನ ಆಯ್ತು. ಈಗ ಉಳಿದದ್ದು ಹೇಳಿ: ಬುಕಿಂಗ್, ಇಂಬಳ (ಜಿಗಣೆ), ಮಂಡಿ.

ಬೂಟು ಹರಿದವನು

ಬುಕಿಂಗ್ ವಿಷಯ ನಾನು ಹೇಳ್ತೀನಿ, ಯಾಕಂದ್ರೆ ಬುಕಿಂಗ್ ಇಲ್ಲದ ಕಾಲದ ಫಜೀತಿ ನೋಡಿದವನು.

2024ರ ಜನವರಿ ಕೊನೆ ವಾರಾಂತ್ಯ ನೆನಪಿದೆಯಾ? ಗಣರಾಜ್ಯೋತ್ಸವದ ರಜೆ ಸೇರಿ ಕುಮಾರಪರ್ವತಕ್ಕೆ ಸಾವಿರಾರು ಜನ ನುಗ್ಗಿ, ಕಾಡುದಾರಿಯಲ್ಲಿ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ತರ ಸಾಲು ನಿಂತ ವಿಡಿಯೋ ಎಲ್ಲಾ ಕಡೆ ಓಡಾಡಿತ್ತು. ಅದಾದ ಮೇಲೆ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಅಕ್ಟೋಬರ್‌ನಲ್ಲಿ "ಅರಣ್ಯ ವಿಹಾರ" ಜಾಲತಾಣ ತಂದಿತು. ದಾರಿಯೊಂದಕ್ಕೆ ದಿನಕ್ಕೆ 300 ಜನರ ಮಿತಿ. ವಾರಾಂತ್ಯ ಬೇಗ ಭರ್ತಿಯಾಗುತ್ತೆ, ನಿಮಗೆ ವಾರದ ದಿನ ಸಾಧ್ಯ ಇದ್ದರೆ ಅದೇ ಹಿಡೀರಿ. ಮಳೆ ಜೋರಿದ್ದಾಗ, ಬೇಸಿಗೆಯಲ್ಲಿ ಬೆಂಕಿ ಭಯ ಇದ್ದಾಗ ದಾರಿ ಮುಚ್ಚೋದೂ ಉಂಟು. ಹೊರಡೋ ಹಿಂದಿನ ವಾರ ಒಮ್ಮೆ ನೋಡಿ. ಆಧಾರ್ ಅಥವಾ ಬೇರೆ ಗುರುತಿನ ಚೀಟಿಯ ಮೂಲಪ್ರತಿ ಕೈಯಲ್ಲಿರಲಿ.

ನನ್ನ ಕತೆ ಕೇಳಿ. ಏಳು ವರ್ಷದ ಹಿಂದೆ ಬೆಂಗಳೂರಿನ ಒಂದು ಟ್ರೆಕ್ ಕಂಪನಿಯ ಬಸ್ಸು. ಹೆಸರು ಬೇಡ. ರಾತ್ರಿಯಿಡೀ ಬಸ್ಸಲ್ಲಿ ಹಾಡು, ಕುಣಿತ. ಹೋಂಸ್ಟೇನಲ್ಲಿ ಮುಖ ತೊಳೆಯೋಕೆ ಎರಡು ಗಂಟೆ ಸಾಲು. ನಡಿಗೆ ಶುರುವಾದದ್ದು ಹತ್ತೂವರೆಗೆ, ನೀರಿನ ಹತ್ತಿರ ತಲುಪಿದ್ದು ಎರಡೂವರೆಗೆ. ನಲವತ್ತೆರಡು ಜನಕ್ಕೆ ಇಬ್ಬರು ಹುಡುಗರು, ಅವರಲ್ಲಿ ಒಬ್ಬನಿಗೆ ಅದು ಮೊದಲ ಸಲ. ವಾಪಸ್ ಬರುವಾಗ ದಿಣ್ಣೆ ಮೇಲೆ ಕತ್ತಲಾಯ್ತು, ಮಂಜು ಬೇರೆ. ಟಾರ್ಚ್ ಇದ್ದದ್ದು ನಾಲ್ಕು ಜನರ ಹತ್ತಿರ. ಮಂಜಿನಲ್ಲಿ ಟಾರ್ಚ್ ಬಿಟ್ಟರೆ ಬೆಳಕು ವಾಪಸ್ ಮುಖಕ್ಕೇ ಹೊಡೆಯುತ್ತೆ, ಅಷ್ಟೇ. ಒಬ್ಬರ ಬ್ಯಾಗ್ ಇನ್ನೊಬ್ಬರು ಹಿಡಿದುಕೊಂಡು ಕುರುಡರ ಮೆರವಣಿಗೆ ತರ ಇಳಿದೆವು. ನನ್ನ ಬೂಟಿನ ಅಟ್ಟೆ ಕೋಟೆ ಹತ್ತಿರ ಕಿತ್ತು ಬಂತು, ಉಳಿದದ್ದು ಸಾಕ್ಸಲ್ಲೇ. ಹೆಸರು ಅದರಿಂದಲೇ ಬಂದದ್ದು.

ಪಾಠ ಒಂದೇ. ಎಷ್ಟೇ ಆಗಲಿ, ಮಧ್ಯಾಹ್ನ ಹನ್ನೆರಡೂವರೆಗೆ ತಿರುಗಿ. ನೀರು ತಲುಪಿದ್ದರೂ ಸರಿ, ತಲುಪದಿದ್ದರೂ ಸರಿ.

ಉಜಿರೆ ಮಾಸ್ತರ್

ಹನ್ನೆರಡೂವರೆ ಸರಿಯಾದ ಮಾತು. ಅಕ್ಟೋಬರ್, ನವೆಂಬರ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ ಮೇಲೆ ಗುಡುಗು ಮಳೆ ಬರುವುದು ಮಾಮೂಲು. ಬೋಳು ದಿಣ್ಣೆಯ ಮೇಲೆ ಮಿಂಚು ಬಂದರೆ ಇಡೀ ಗುಡ್ಡದಲ್ಲಿ ಎತ್ತರದ ವಸ್ತು ನೀವೇ. ಗುಡುಗು ಕೇಳಿದ ತಕ್ಷಣ ತಗ್ಗಿಗೆ ಇಳಿಯಬೇಕು, ಒಂಟಿ ಮರದ ಕೆಳಗೆ ನಿಲ್ಲಬಾರದು, ಛತ್ರಿ ಬಿಡಿಸಬಾರದು.

ಕಾಡುಪಾಪ ಡಾಕ್ಟರ್

ವೈದ್ಯೆ, ಜೊತೆಗೆ ಕಾಡು ತಿರುಗೋ ಹುಚ್ಚು. ಮೂರು ವಿಷಯ ಕೇಳಿದ್ದೀರಿ, ಕೇಳದ ಒಂದನ್ನೂ ಸೇರಿಸ್ತೀನಿ.

ಇಂಬಳ ಮೊದಲು. ಕಚ್ಚಿದ್ದು ಗೊತ್ತಾಗಲ್ಲ, ಬಿಟ್ಟ ಮೇಲೂ ರಕ್ತ ನಿಲ್ಲಲ್ಲ, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯೋ ಹಿರುಡಿನ್ ಇರೋದರಿಂದ. ರಕ್ತ ನೋಡಿ ಗಾಬರಿ ಆಗಬೇಡಿ, ಹೋಗೋದು ಅರ್ಧ ಚಮಚ. ಹಿಡಿದು ಎಳೀಬೇಡಿ. ಕಚ್ಚಿದ ಸಣ್ಣ ತುದಿಯ ಪಕ್ಕ ಉಗುರು ಇಟ್ಟು ಚರ್ಮದ ಮೇಲೆ ಸರಿಸಿದರೆ ಹಿಡಿತ ಬಿಡುತ್ತೆ. ಸೋಪು ನೀರಲ್ಲಿ ತೊಳೆದು ಒಂದು ಪಟ್ಟಿ. ಆದರೆ ತಂದೆಯವರು ರಕ್ತ ತೆಳು ಮಾಡೋ ಮಾತ್ರೆ ಏನಾದರೂ ತಗೋತಿದ್ದರೆ ಅವರ ವೈದ್ಯರನ್ನು ಕೇಳಿಯೇ ಹೊರಡಿ.

ಮಂಡಿಗೆ ಎರಡು ಕೋಲು. ಒಂದಲ್ಲ, ಎರಡು. ಇಳಿಯುವಾಗ ಕೋಲು ಸ್ವಲ್ಪ ಉದ್ದ ಮಾಡಿ, ಅದು ಮೊದಲು ನೆಲ ಮುಟ್ಟಲಿ, ಕಾಲು ಆಮೇಲೆ. ಸಣ್ಣ ಸಣ್ಣ ಹೆಜ್ಜೆ. ಈಗಿಂದಲೇ ಮೆಟ್ಟಿಲು ಅಭ್ಯಾಸ ಮಾಡಿಸಿ, ಹತ್ತೋದಕ್ಕಿಂತ ಇಳಿಯೋದನ್ನ ಹೆಚ್ಚು. ಪಾರ್ಕಿನ ಸಮತಟ್ಟು ನಡಿಗೆಗೂ ಇದಕ್ಕೂ ಸಂಬಂಧವೇ ಇಲ್ಲ.

ನೀವು ಕೇಳದೇ ಇದ್ದದ್ದು ಉಣ್ಣೆ ಹುಳ. ಅದು ಕಚ್ಚಿ ಹರಡೋ ಮಂಗನ ಕಾಯಿಲೆ ನಮ್ಮ ಮಲೆನಾಡಿನದ್ದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾಯ್ತು, ಜಗತ್ತಿಗೆಲ್ಲ ಆ ಊರಿನ ಹೆಸರಲ್ಲೇ ಗೊತ್ತು. ಸಾಮಾನ್ಯವಾಗಿ ಚಳಿಗಾಲ ಶುರುವಾದ ಮೇಲಿಂದ ಮಳೆ ಬರೋವರೆಗೆ ಅದರ ಕಾಲ. ಉದ್ದ ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸೋದು, ತರಗೆಲೆ ಮೇಲೆ ಕೂರದಿರೋದು, ಮನೆಗೆ ಬಂದ ತಕ್ಷಣ ಬಿಸಿನೀರ ಸ್ನಾನ ಮಾಡಿ ಬಟ್ಟೆ ಒಗೆಯೋದು. ಆರೋಗ್ಯ ಇಲಾಖೆಯವರು ಕಾಡಂಚಿನ ಊರಲ್ಲಿ ಉಣ್ಣೆ ಹತ್ತದ ಹಾಗೆ ಹಚ್ಚಿಕೊಳ್ಳೋಕೆ ಡೆಪಾ ಎಣ್ಣೆ ಕೊಡ್ತಾರೆ, ಸಿಕ್ಕಿದರೆ ಹಚ್ಚಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಅರಣ್ಯದವರಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ವಾಪಸ್ ಬಂದು ಒಂದೆರಡು ವಾರದೊಳಗೆ ಜೋರು ಜ್ವರ ಬಂದರೆ ಡಾಕ್ಟರಿಗೆ "ಕಾಡಿಗೆ ಹೋಗಿದ್ದೆ" ಅನ್ನೋದನ್ನ ಮೊದಲ ವಾಕ್ಯದಲ್ಲೇ ಹೇಳಿ.

ಸುಂಕಸಾಲೆ ಕಾಫಿ

ಡಾಕ್ಟರಮ್ಮ ಹೇಳಿದ್ದು ಸರಿ, ಆದರೆ ತೋಟದಲ್ಲಿ ನಾವು ಉಗುರು ಗಿಗುರು ನೋಡ್ತಾ ಕೂರಲ್ಲ. ಹೊಗೆಸೊಪ್ಪು, ಸುಣ್ಣ ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಇಟ್ಟುಕೋತೀವಿ. ಮುಟ್ಟಿಸಿದರೆ ಉದುರುತ್ತೆ.

ಕಾಡುಪಾಪ ಡಾಕ್ಟರ್

ಉದುರುತ್ತೆ, ಜೊತೆಗೆ ಹೊಟ್ಟೆಯಲ್ಲಿದ್ದದ್ದನ್ನ ಗಾಯದ ಒಳಗೆ ಕಕ್ಕಿ ಉದುರುತ್ತೆ. ಗಾಯ ಕೆರೆದು ಕೀವಾಗೋದು ಹಾಗೇ. ನಿಮ್ಮ ಗಂಟನ್ನು ಬೂಟಿನ ಹೊರಗೆ ಸವರಿಕೊಳ್ಳಿ, ಕಚ್ಚಿದ ಮೇಲೆ ಬೇಡ. ರಾಜಿ?

ಸುಂಕಸಾಲೆ ಕಾಫಿ

ರಾಜಿ. ನವೆಂಬರ್ ಕೊನೆಗೆ ಹೇಗೂ ಕಮ್ಮಿ ಇರುತ್ತೆ, ಮೊದಲ ಕಾಡಿನ ತುಂಡು ದಾಟಿದರೆ ಮುಗೀತು. ಹುಲ್ಲಲ್ಲಿ ಬಿಸಿಲಿಗೆ ನಿಲ್ಲಲ್ಲ ಅವು.

ಅಘನಾಶಿನಿ

ನೆತ್ತಿಯಲ್ಲಿ ನಿಲ್ಲುವಾಗ ಪಾಲಿಸಬೇಕಾದ್ದನ್ನ ಯಾರಾದರೂ ಬರೀರಿ ಅಂತ ಕಾದೆ. ಯಾರೂ ಬರೆಯದ್ದಕ್ಕೆ ನಾನೇ ಬರೀತೀನಿ. ಜಲಪಾತದೂರಿನಲ್ಲಿ ಬೆಳೆದವರಿಗೆ ಇದು ಗೊತ್ತಿರೋ ವಿಷಯ, ಪೇಟೆಯವರಿಗೆ ಗೊತ್ತಿರಲ್ಲ.

ಅಂಚಿನ ಬಂಡೆ ಸಪಾಟಾಗಿ ಕಾಣುತ್ತೆ, ನಿಜಕ್ಕೂ ಹೊರಕ್ಕೆ ವಾಲಿರುತ್ತೆ. ಸಾವಿರಾರು ವರ್ಷ ನೀರು ಉಜ್ಜಿದ ಕಲ್ಲು ಅದು. ಕಪ್ಪಗೆ ಒಣಗಿದ ಹಾಗೆ ಕಾಣೋ ಜಾಗದಲ್ಲೇ ಪಾಚಿ ಇರುತ್ತೆ, ತುಂತುರು ಬಿದ್ದರೆ ಎಣ್ಣೆ ಸುರಿದ ಹಾಗೆ. ಅಂಚಿನಿಂದ ಕನಿಷ್ಠ ಹತ್ತು ಮಾರು ದೂರದಲ್ಲಿ ಒಂದು ಕಲ್ಲು ಗುರುತು ಮಾಡಿ, "ಇದರಿಂದಾಚೆ ಯಾರೂ ಇಲ್ಲ" ಅಂತ ಮೊದಲೇ ಮಾತಾಡಿಕೊಳ್ಳಿ. ಅಲ್ಲಿ ಹೋದಮೇಲೆ ಮಾತಾಡೋಣ ಅಂದರೆ ಆಗಲ್ಲ, ನೀರಿನ ಸದ್ದಿಗೆ ಮನುಷ್ಯನ ಬುದ್ಧಿ ಸ್ವಲ್ಪ ಸಡಿಲವಾಗುತ್ತೆ.

ನೀರಿಗೆ ಇಳಿದರೆ ಹಳ್ಳದ ಮೇಲ್ಭಾಗದಲ್ಲಿ, ಮೊಣಕಾಲು ಮಟ್ಟ, ಅಷ್ಟೇ. ನಿಮ್ಮ ತಲೆ ಮೇಲೆ ಆಕಾಶ ನೀಲಿ ಇರಬಹುದು, ಹಿಂದಿನ ಗುಡ್ಡದಲ್ಲಿ ಮಳೆ ಹೊಡೆದಿರಬಹುದು. ತಿಳಿನೀರು ಚಹಾ ಬಣ್ಣಕ್ಕೆ ತಿರುಗಿದರೆ, ತರಗೆಲೆ, ಕಡ್ಡಿ ತೇಲಿಬಂದರೆ, ಸದ್ದು ಒಂಚೂರು ದಪ್ಪ ಆಯ್ತು ಅನಿಸಿದರೆ ಚಪ್ಪಲಿ ಹುಡುಕೋಕೂ ನಿಲ್ಲಬೇಡಿ, ದಡ ಹತ್ತಿ.

ಧಾರವಾಡ ಪೇಢಾ

ಇದನ್ನ ಓದಿ ನಗೂದು ನಿಂತತ್ರಿ. ಹೋದ ವರ್ಷ ನಮ್ಮ ಹುಡುಗೂರು ಒಂದ ಕಡೆ ಹಿಂಗ ಅಂಚಿನ್ಯಾಗ ರೀಲ್ಸ್ ಮಾಡಾಕ ನಿಂತಿದ್ರು, ನಾನs ಫೋನ್ ಹಿಡದಿದ್ದೆ. ಈಗ ನೆನಸಿಕೊಂಡ್ರ ಕೈ ನಡಗ್ತಾವ.

ಸುಂಕಸಾಲೆ ಕಾಫಿ

ಒಂದು ಮಾತು, ವಿಷಯಾಂತರ ಅನಿಸಿದರೆ ಬಿಟ್ಟುಬಿಡಿ. ಆ ದಿಣ್ಣೆಗಳ ಸಂದಿಯಲ್ಲಿ ಮಡಿಕೆ ಮಡಿಕೆಯಾಗಿ ಕಪ್ಪು ಹಸಿರು ಕಾಡಿನ ತುಂಡುಗಳು ಕಾಣ್ತವೆ. ಅವೇ ಶೋಲಾ. ಮಳೆಗಾಲದ ನೀರನ್ನು ಹುಲ್ಲು, ಆ ಕಾಡಿನ ಕರಿಮಣ್ಣು ಹೀರಿಕೊಂಡು ತಿಂಗಳುಗಟ್ಟಲೆ ಹನಿ ಹನಿ ಬಿಡ್ತವೆ. ಮಳೆ ನಿಂತ ಮೇಲೂ ಅರ್ಬಿ ಹರಿಯೋದು ಅದರಿಂದ. ಬೇಸಿಗೆಯಲ್ಲಿ ಯಾರೋ ಸಿಗರೇಟ್ ತುಂಡು ಎಸೆದು ಗುಡ್ಡಕ್ಕೆ ಗುಡ್ಡವೇ ಕರಕಲಾದದ್ದು ನೋಡಿದ್ದೇನೆ. ನಾವು ಸೊಪ್ಪಿನ ಬರಲು ಹಿಡಿದು ಬಡಿದು ಆರಿಸಿದ್ದೂ ಇದೆ. ರಾತ್ರಿ ಕೂದಲು ಸುಟ್ಟ ವಾಸನೆ ಹೋಗಲ್ಲ.

2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತಲ್ಲ, ಆ ಮಳೆಯಲ್ಲಿ ನಮ್ಮ ಮೂಡಿಗೆರೆ ತಾಲೂಕಲ್ಲಿ ತೋಟಕ್ಕೆ ತೋಟವೇ ಜಾರಿಹೋದವು. ನೋಡೋಕೆ ಗಟ್ಟಿ ಕಾಣೋ ಗುಡ್ಡ ಇದು, ಅಷ್ಟು ಗಟ್ಟಿ ಇಲ್ಲ. ಬಿಸ್ಕತ್ ಪೊಟ್ಟಣದಿಂದ ಕಿತ್ತಳೆ ಸಿಪ್ಪೆವರೆಗೆ ತಂದದ್ದೆಲ್ಲ ವಾಪಸ್ ತಗೊಂಡು ಹೋಗಿ, ಬೇರೇನೂ ಕೇಳಲ್ಲ.

ಉಜಿರೆ ಮಾಸ್ತರ್

ವಿಷಯಾಂತರ ಆಗಿಯೇ ಹೋಗಿದೆಯಲ್ಲ, ನಾನೂ ಒಂದು ಸೇರಿಸ್ತೇನೆ. ನೀವು ಕೋಟೆಯ ದಿಣ್ಣೆಯಲ್ಲಿ ನಿಂತಿರ್ತೀರಲ್ಲ, ಆ ಸೀಮೆಯಲ್ಲೇ ಹೇಮಾವತಿ ಹುಟ್ಟುವುದು. ಪೂರ್ವಕ್ಕೆ ಬಿದ್ದ ಹನಿ ಹೇಮಾವತಿಯಾಗಿ ಗೊರೂರು ದಾಟಿ ಕಾವೇರಿ ಸೇರುತ್ತದೆ, ಕೊನೆಗೆ ಬಂಗಾಳ ಕೊಲ್ಲಿ. ಪಶ್ಚಿಮಕ್ಕೆ ಬಿದ್ದ ಹನಿ ಅರ್ಬಿಯಲ್ಲಿ ಹಾರಿ ನೇತ್ರಾವತಿ ಸೇರಿ ಮಂಗಳೂರಿನ ಹತ್ತಿರ ಸಮುದ್ರ ಕಾಣುತ್ತದೆ. ಬೆಂಗಳೂರಿನ ನಲ್ಲಿಯಲ್ಲಿ ಬರುವುದು ಕಾವೇರಿ ನೀರಲ್ಲವೋ? ಹಾಗಾದರೆ ನಿಮ್ಮ ತಂದೆಯವರು ಇಡೀ ಆಯುಷ್ಯ ಒಂದೇ ಗುಡ್ಡದ ನೀರು ಕುಡಿದಿದ್ದಾರೆ. ಮೊದಲು ಈ ಕಡೆಯದ್ದು, ಆಮೇಲೆ ಆ ಕಡೆಯದ್ದು.

ಮುಂಡಾಜೆ ಮೊಮ್ಮಗ

ಮಾಸ್ತರ್ ಮಾತು ಅಪ್ಪನಿಗೆ ಓದಿ ಹೇಳಿದೆ. ಮತ್ತೊಮ್ಮೆ ಓದು ಅಂದರು.

ಟಿಕೆಟ್ ಆಗಿದೆ, ನವೆಂಬರ್ ಮೂರನೇ ವಾರ, ಮಂಗಳವಾರ. ಹಿಂದಿನ ರಾತ್ರಿ ಸುಂಕಸಾಲೆ ಕಡೆ ಉಳಿದು, ಬೆಳಗಾಗ್ತಿದ್ದ ಹಾಗೆ ಹೊರಡೋದು. ಊರಿನವರೇ ಒಬ್ಬರು ದಾರಿ ತೋರಿಸೋಕೆ ಬರ್ತಾರೆ.

ಈಗ ಹೊಸ ಸಮಸ್ಯೆ. ಅಪ್ಪ ನಿನ್ನೆ ಊಟಕ್ಕೆ ಕೂತಾಗ ಕೇಳಿದರು: "ಅಲ್ಲಿಂದ ನಮ್ಮ ಮನೆ ಕಾಣ್ತದಾ?" ಎಲ್ಲಾ ಕಡೆ ಒಂದೇ ತರದ ಅಡಿಕೆ ತೋಟ, ರಬ್ಬರ್ ತೋಟ. ಅಷ್ಟು ಮೇಲಿಂದ ಒಂದು ಹೆಂಚಿನ ಮನೆ ಗುರುತು ಹಿಡಿಯೋಕೆ ಏನಾದರೂ ಉಪಾಯ ಇದೆಯಾ? ಚಿಕ್ಕಪ್ಪ ಈಗಲೂ ಅಲ್ಲೇ ಇದ್ದಾರೆ. ತರಗೆಲೆ ಸುಟ್ಟು ಹೊಗೆ ಎಬ್ಬಿಸ್ತೀನಿ ಅಂದರು.

ಕಾಡುಪಾಪ ಡಾಕ್ಟರ್

ಹೊಗೆ ಬೇಡ. ಬೆಳಿಗ್ಗೆ ಹತ್ತು ಗಂಟೆಗೆ ಆ ಊರಿನ ಅರ್ಧ ಮನೆಯ ಬಚ್ಚಲೊಲೆ ಹೊಗೆ ಬಿಡ್ತಿರುತ್ತೆ.

ಹಳೇ ಸ್ಕೌಟು

ಇಷ್ಟು ದಿನ ಸುಮ್ಮನೆ ಓದ್ತಿದ್ದೆ. ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇದೆ.

ಕನ್ನಡಿ. ಗೋಡೆಗೆ ನೇತುಹಾಕೋ ಸಾಧಾರಣ ಕನ್ನಡಿ ಸಾಕು. ಬೆಳಿಗ್ಗೆ ಸೂರ್ಯ ಪೂರ್ವದಲ್ಲಿ, ನೀವಿರೋದೂ ಪೂರ್ವದ ಗುಡ್ಡದಲ್ಲಿ. ಹಾಗಾಗಿ ಅಂಗಳದಲ್ಲಿ ನಿಂತವರಿಗೆ ಬೆಳಕನ್ನು ನಿಮ್ಮ ಕಡೆ ತಿರುಗಿಸೋದು ಸುಲಭ. ಮಧ್ಯಾಹ್ನ ದಾಟಿದರೆ ಕಷ್ಟ. ಚಿಕ್ಕಪ್ಪನಿಗೆ ಹೀಗೆ ಹೇಳಿ: ಒಂದು ಕೈ ಮುಂದೆ ಚಾಚಿ ಎರಡು ಬೆರಳು ಕವೆಯ ಹಾಗೆ ಬಿಡಿಸಿ, ಆ ಕವೆಯ ನಡುವೆ ಅರ್ಬಿಯ ಬಿಳಿ ಗೆರೆಯ ತುದಿ ಕೂರಿಸಬೇಕು. ಇನ್ನೊಂದು ಕೈಯಲ್ಲಿ ಕನ್ನಡಿಯನ್ನು ಕಣ್ಣಿನ ಪಕ್ಕ ಹಿಡಿದು, ಬಿಸಿಲು ಆ ಬೆರಳುಗಳ ಮೇಲೆ ಬೀಳೋವರೆಗೆ ವಾಲಿಸಬೇಕು. ಬೆರಳಿನ ಮೇಲೆ ಬೆಳಕು ಬಿತ್ತು ಅಂದರೆ ಗುಡ್ಡದ ಮೇಲೂ ಬಿತ್ತು ಅಂತ ಅರ್ಥ. ಆಮೇಲೆ ಮೆಲ್ಲಗೆ ಅತ್ತಿತ್ತ ಅಲ್ಲಾಡಿಸ್ತಾ ಇರಲಿ. ಎಂಟು ಹತ್ತು ಕಿಲೋಮೀಟರ್ ಏನೂ ದೂರ ಅಲ್ಲ, ಗಾಳಿ ತಿಳಿಯಾಗಿದ್ದರೆ ಇನ್ನೂ ದೂರಕ್ಕೂ ಕಾಣುತ್ತೆ.

ಫೋನ್ ಸಿಗ್ನಲ್ ನಂಬಬೇಡಿ. ಹತ್ತೂವರೆಯಿಂದ ಹನ್ನೊಂದೂವರೆ ಅಂತ ಹೊತ್ತು ಗೊತ್ತು ಮಾಡಿಕೊಳ್ಳಿ.

ಧಾರವಾಡ ಪೇಢಾ

ಮುಂದಿನ ಸುದ್ದಿ ಬರೂತನಕ ನಾ ಈ ಕಟ್ಟಿ ಬಿಟ್ಟು ಏಳೂದಿಲ್ಲ.

ಮುಂಡಾಜೆ ಮೊಮ್ಮಗ

ಹೋಗಿ ಬಂದೆವು. ಕಾಲು ಇನ್ನೂ ನೋಯ್ತಿದೆ (ನನ್ನದು). ಬರೀತೀನಿ.

ಆರೂಕಾಲಿಗೆ ಹೊರಟೆವು. ಕಾಡಿನ ತುಂಡಿನಲ್ಲಿ ಇನ್ನೂ ಅರೆಗತ್ತಲು. ಎಲ್ಲೋ ಒಳಗೆ ಸಿಳ್ಳಾರ ಹಕ್ಕಿ, ಸ್ಕೂಲಿಗೆ ಹೋಗೋ ಹುಡುಗ ಅರ್ಧ ಮರೆತ ಹಾಡನ್ನು ಸಿಳ್ಳೆ ಹೊಡೆದ ಹಾಗೆ. ಇಂಬಳ ನನಗೆ ನಾಲ್ಕು, ದಾರಿ ತೋರಿಸೋಕೆ ಬಂದ ಅಣ್ಣನಿಗೆ ಒಂದು, ಅಪ್ಪನಿಗೆ ಸೊನ್ನೆ. ಅಪ್ಪ ಪ್ಯಾಂಟು ಬಿಟ್ಟು ಅಡಿಕೆ ತೋಟಕ್ಕೆ ಹೋಗೋ ಹಾಗೆ ಮೊಣಕಾಲ ತನಕ ಪಂಚೆ ಕಟ್ಟಿಕೊಂಡು, ಕಾಲಿಗೆಲ್ಲ ತೆಂಗಿನೆಣ್ಣೆ, ಸುಣ್ಣ ಬಳಿದುಕೊಂಡಿದ್ದರು. ಡಾಕ್ಟರ್ ಮೇಡಂ, ಉಣ್ಣೆ ವಿಷಯ ಹೇಳಿ ಬೈದೆ. ಕೇಳಲಿಲ್ಲ. ಬಂದ ಮೇಲೆ ಸ್ನಾನ ಮಾತ್ರ ಮಾಡಿಸಿದ್ದೇನೆ.

ಕೋಟೆ ಹತ್ತೋ ಏರಿನಲ್ಲಿ ಮೂರು ಕಡೆ ಕೂತರು. ಪುನರ್ಪುಳಿ ಶರಬತ್ತು ಬಾಟಲಿಯಲ್ಲಿ ತಂದದ್ದು ಒಳ್ಳೇದಾಯ್ತು. ಮೇಲೆ ಬಂದಾಗ ಪಶ್ಚಿಮಕ್ಕೆ ಏನೂ ಇಲ್ಲ. ಮೋಡ ಕೆಳಗಿನ ಊರುಗಳ ಮೇಲೆ ಹಾಲು ಚೆಲ್ಲಿದ ಹಾಗೆ ನಿಂತಿತ್ತು. ಅಪ್ಪ ಮುರಿದ ಗೋಡೆ ಮೇಲೆ ಕೈಯಿಟ್ಟು ಪೂರ್ವಕ್ಕೊಮ್ಮೆ, ಪಶ್ಚಿಮಕ್ಕೊಮ್ಮೆ ನೋಡಿದರು. "ಇದು ಬೆಂಗಳೂರಿಗೆ, ಇದು ಮನೆಗೆ" ಅಂದರು. ಮಾಸ್ತರೇ, ಅದು ನಿಮ್ಮದೇ ಮಾತು, ತಮ್ಮದೇ ಅನ್ನೋ ಹಾಗೆ ಹೇಳಿದರು.

ದಿಣ್ಣೆ ಇಳಿಯುವಾಗ ದೂರದಲ್ಲಿ ಏಳು ಕಾಟಿ. ಅಣ್ಣ ಕೈ ಎತ್ತಿದ್ದೇ ನಿಂತೆವು. ಅವು ಹೋಗೋವರೆಗೆ ಇಪ್ಪತ್ತು ನಿಮಿಷ. ಅವಸರ ಮಾಡೋ ಪ್ರಶ್ನೆಯೇ ಇಲ್ಲ ಅಂದರು.

ಹತ್ತು ನಲವತ್ತಕ್ಕೆ ಹಳ್ಳ. ನೀರು ಮೊಣಕಾಲಿಗಿಂತ ಕಮ್ಮಿ, ಕೊರೆಯೋ ಚಳಿ. ಅಂಚಿನಿಂದ ದೂರ ಒಂದು ಚಪ್ಪಟೆ ಕಲ್ಲನ್ನು ಗಡಿ ಅಂತ ಗುರುತು ಮಾಡಿದೆವು. ಅಪ್ಪ ಮುಖ ತೊಳೆದು, ಎರಡು ಬೊಗಸೆ ಕುಡಿದು, ಆ ಕಲ್ಲಿನ ಮೇಲೆ ಕೂತರು. ಜಲಪಾತ ಕಾಣಲಿಲ್ಲ, ನೀವು ಹೇಳಿದ್ದು ಅಕ್ಷರಶಃ ನಿಜ. ನೀರು ಹೋಗುತ್ತೆ, ಅಂಚು ಬರುತ್ತೆ, ಅಷ್ಟೇ. ಅಪ್ಪ ಆ ಕಡೆ ನೋಡಲೂ ಇಲ್ಲ. ಅವರ ಕಣ್ಣಿದ್ದದ್ದು ಕೆಳಗೆ. ಅಷ್ಟೊತ್ತಿಗೆ ಮೋಡ ಹರಿದು ತೋಟಗಳು ತೇಪೆ ತೇಪೆಯಾಗಿ ಕಾಣ್ತಿದ್ದವು.

"ಅಗೋ, ಆ ಹೊಳೆ ತಿರುವು, ಅದರ ಎಡಕ್ಕೆ ತೆಂಗಿನ ಮರ, ಅದೇ ನಮ್ಮದು. ಅಗೋ ಕೊಟ್ಟಿಗೆ" ಅಂತ ನನಗೆ, ಅಣ್ಣನಿಗೆ ಬೆರಳು ತೋರಿಸಿ ತೋರಿಸಿ ವಿವರಿಸಿದರು. ಅಜ್ಜ ನೆಟ್ಟ ಹಲಸು ಯಾವುದು, ಬಾವಿ ಎಲ್ಲಿ, ದನ ಮೇಯಿಸ್ತಿದ್ದ ಗುಡ್ಡ ಯಾವುದು. ಕಾಲು ಗಂಟೆ. ನನಗೂ ಕಾಣ್ತಿದೆ ಅನಿಸೋಕೆ ಶುರುವಾಯ್ತು.

ಹನ್ನೊಂದು ಹತ್ತಕ್ಕೆ ಮಿಂಚಿತು.

ಅವರು ತೋರಿಸ್ತಿದ್ದ ಜಾಗದಲ್ಲಲ್ಲ. ಅಲ್ಲಿಂದ ಬಲಕ್ಕೆ, ನಾವು ಯಾರೂ ನೋಡದೇ ಇದ್ದ ಒಂದು ಹಸಿರು ಮೂಲೆಯಲ್ಲಿ. ಮಿಂಚಿತು, ಆರಿತು, ಮತ್ತೆ ಮಿಂಚಿತು. ಸೂಜಿಮೊನೆಯಷ್ಟು ಚಿಕ್ಕದು, ಆದರೆ ಕಣ್ಣಿಗೆ ಚುಚ್ಚೋ ಹಾಗೆ.

ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವನಿಗೆ ಕನ್ನಡಿ ಹಿಡೀಲಿಕ್ಕೆ ಗೊತ್ತಿಲ್ಲ, ಪಕ್ಕದವರ ತೋಟಕ್ಕೆ ಹೋಗಿ ನಿಂತಿದ್ದಾನೆ" ಅಂದರು.

ವಾಪಸ್ ಏರು ಕಷ್ಟವಾಯ್ತು. ಸುಂಕಸಾಲೆಯವರೇ, ನೀವು ಎಚ್ಚರಿಸಿದ್ದಕ್ಕಿಂತ ಜಾಸ್ತಿ. ಐದು ಗಂಟೆಗೆ ಕೆಳಗಿದ್ದೆವು. ಮಂಡಿ ಕೋಲಿನ ದಯೆಯಿಂದ ಉಳಿಯಿತು. ಮರುದಿನ ಘಾಟಿ ಇಳಿದು ಮುಂಡಾಜೆಗೆ ಹೋದೆವು. ಚಿಕ್ಕಪ್ಪ ಅಂಗಳದಲ್ಲೇ ನಿಂತಿದ್ದೆ ಅಂತ ಆಣೆ ಮಾಡಿದರು. ಬೆಳಿಗ್ಗೆಯ ಕಾಫಿಯಿಂದ ರಾತ್ರಿ ಊಟದವರೆಗೆ ಇಬ್ಬರೂ ಅದೇ ಜಗಳ.

ಉಜಿರೆ ಮಾಸ್ತರ್

ನಿಮ್ಮ ಚಿಕ್ಕಪ್ಪನ ಪರ ನನ್ನದೊಂದು ವೋಟು.

ಧಾರವಾಡ ಪೇಢಾ

ತೊಟ್ಟು ನೋಡಾಕ ಹೋಗೂದಾ ಆತು. ಮೊಮ್ಮಗ ಅವರ, ಡಿಸೆಂಬರದಾಗ ನೀರ ಇರ್ತದೇನ್ರಿ? ಹುಬ್ಬಳ್ಳಿಯಿಂದ ಬರಾಕ ಯಾವ ದಾರಿ ಹಿಡೀಲಿ?

ಸುಂಕಸಾಲೆ ಕಾಫಿ

ಡಿಸೆಂಬರ್ ತನಕ ಚಿಂತೆ ಇಲ್ಲ, ಫೆಬ್ರವರಿ ಹೊತ್ತಿಗೆ ಗೆರೆ ಸಪೂರ ಆಗುತ್ತೆ, ಬೇಸಿಗೆಗೆ ಒಣಗುತ್ತೆ. ಹುಬ್ಬಳ್ಳಿಯಿಂದ ಚಿಕ್ಕಮಗಳೂರಿಗೆ ಬಂದುಬಿಡಿ, ಅಲ್ಲಿಂದ ಮೂಡಿಗೆರೆ, ಕೊಟ್ಟಿಗೆಹಾರ. ಬರುವಾಗ ಪೇಢಾ ಮರೀಬೇಡಿ.